ಹೇಳದೆ ಬಿಟ್ಟು ಬಂದ ಕೆಲಸ: ಗಲ್ಫ್ ಶಾಲೆ, ನೋಟಿಸ್ ಅವಧಿ ಮತ್ತು ಎಂಟನೇ ತರಗತಿ

ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಗಲ್ಫ್ ಶಾಲೆಗಳ ಜಾಹೀರಾತು ತಿಂಗಳಿಗೆ ಎರಡಾದರೂ ಬಂದು ಬೀಳುತ್ತದೆ. ಬಿ.ಎಸ್ಸಿ., ಬಿ.ಎಡ್. ಆದವರು ಬೇಕು, ವಸತಿ ಉಚಿತ, ವರ್ಷಕ್ಕೊಮ್ಮೆ ವಿಮಾನದ ಟಿಕೆಟ್. ಅದು ಬಂದ ಕೂಡಲೇ ಮೂರ್ನಾಲ್ಕು ಮಂದಿ ನನಗೆ ಪ್ರತ್ಯೇಕವಾಗಿ ಮೆಸೇಜ್ ಮಾಡುತ್ತಾರೆ: “ನೀನು ಅಲ್ಲಿ ಇದ್ದವನಲ್ವಾ, ಹೇಗುಂಟು?” ಇದ್ದದ್ದು ಹೌದು, ಐದು ತಿಂಗಳು ಚಿಲ್ಲರೆ. ಆದರೆ ಹೇಗೆ ವಾಪಸು ಬಂದೆ ಎಂಬುದನ್ನು ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ‘ಕಾಂಟ್ರ್ಯಾಕ್ಟ್ ಮುಗಿಯಿತು’ ಎಂದು ಹೇಳಿ ಮಾತು ತಿರುಗಿಸುತ್ತಿದ್ದೆ. ಕಾಂಟ್ರ್ಯಾಕ್ಟ್ ಮುಗಿದಿರಲಿಲ್ಲ. 2023ರ ಸೆಪ್ಟೆಂಬರಿನ ಒಂದು ಗುರುವಾರ ರಾತ್ರಿ, ಶಾಲೆಗೆ ಒಂದು ಮಾತೂ ಹೇಳದೆ, ಶಾರ್ಜಾದಿಂದ ಓಡಿ ಬಂದವನು ನಾನು.

ಈ ಸಂಚಿಕೆಗೆ ಅಭ್ಯಾಸ ಬೋಧನೆಯ ಅನುಭವ ಬರೆಯಬೇಕೆಂದು ಮೇಡಂ ಹೇಳಿದಾಗ ನಾನು ಮೊದಲು ಪ್ರಯೋಗ ವಿಧಾನದ ಮೇಲೆ ಬರೆಯಲು ಕುಳಿತೆ. ಎರಡು ಪುಟ ಆದ ಮೇಲೆ ಗೊತ್ತಾಯಿತು, ನನ್ನ ಇಂಟರ್ನ್‌ಶಿಪ್ಪಿನ ಹದಿನಾರು ವಾರಗಳಲ್ಲಿ ನಾನು ನಿಜವಾಗಿ ಕಲಿತದ್ದು ಶಾರ್ಜಾದ ಆ ರಾತ್ರಿಯನ್ನು ಬಿಟ್ಟು ಹೇಳಲಿಕ್ಕೆ ಆಗುವುದಿಲ್ಲ ಎಂದು. ಹಾಗಾಗಿ ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ. ಹೊರದೇಶದಲ್ಲಿ ಶಿಕ್ಷಕರ ಕೆಲಸ ಬಿಡುವುದಕ್ಕೆ ಕಾನೂನಿನಲ್ಲಿ ಇರುವ ದಾರಿ ಯಾವುದು, ನಾನು ಹಿಡಿದ ದಾರಿ ಯಾವುದು, ಅದರಿಂದ ಯಾರಿಗೆ ಏನಾಯಿತು ಎಂಬುದಷ್ಟೇ ವಿಷಯ.

ಮೊದಲು ಅಲ್ಲಿನ ವ್ಯವಸ್ಥೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ, ಅಂದರೆ ದುಬೈ, ಶಾರ್ಜಾ, ಅಬುಧಾಬಿ ಮೊದಲಾದ ಏಳು ಎಮಿರೇಟುಗಳಲ್ಲಿ, ಭಾರತೀಯ ಪಠ್ಯಕ್ರಮದ ಖಾಸಗಿ ಶಾಲೆಗಳು ಬಹಳ ಇವೆ. ಸಿ.ಬಿ.ಎಸ್.ಇ. ಶಾಲೆಗಳು ನಮ್ಮ ಹಾಗೆಯೇ ಎನ್.ಸಿ.ಇ.ಆರ್.ಟಿ. ಪುಸ್ತಕ ಇಟ್ಟುಕೊಂಡು ಕಲಿಸುತ್ತವೆ. ಶೈಕ್ಷಣಿಕ ವರ್ಷ ಏಪ್ರಿಲಿನಲ್ಲಿ ಶುರು, ಜುಲೈ ಮತ್ತು ಆಗಸ್ಟ್ ಬೇಸಿಗೆ ರಜೆ. ಮಕ್ಕಳಲ್ಲಿ ಮಲಯಾಳಿಗಳು, ತಮಿಳರು, ಉತ್ತರದವರು, ನಡುವೆ ನಮ್ಮ ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು. ಶಿಕ್ಷಕರ ಕೋಣೆಯಲ್ಲೂ ಅದೇ ಲೆಕ್ಕ.

ನಾನು ಹೋದಾಗ ಬಿ.ಎಡ್. ಆಗಿರಲಿಲ್ಲ. ಬಿ.ಎಸ್ಸಿ. ಮುಗಿದು ಒಂದು ವರ್ಷ ಟ್ಯೂಷನ್ ಹೇಳುತ್ತಿದ್ದೆ. ಏಜೆಂಟರೊಬ್ಬರು ಎಂಬತ್ತೈದು ಸಾವಿರ ತೆಗೆದುಕೊಂಡು ‘ವಿಜ್ಞಾನ ಶಿಕ್ಷಕ’ ಎಂದು ಕಳಿಸಿದರು. ಅಲ್ಲಿ ಇಳಿದ ಮೇಲೆ ಸಹಿ ಹಾಕಿದ ಕರಾರಿನಲ್ಲಿ ‘ಸಹಾಯಕ’ ಎಂದಿತ್ತು, ಸಂಬಳ ಹೇಳಿದ್ದಕ್ಕಿಂತ ಎಂಟುನೂರು ದಿರ್ಹಮ್ ಕಡಿಮೆ ಇತ್ತು. ತರಗತಿಗಳು ಮಾತ್ರ ಪೂರ್ಣ ಶಿಕ್ಷಕನಷ್ಟೇ: ವಾರಕ್ಕೆ ಮೂವತ್ತು ಪೀರಿಯಡ್, ಮೇಲಿಂದ ಬಸ್ ಡ್ಯೂಟಿ, ರಜೆ ಹಾಕಿದವರ ಬದಲಿ ಪೀರಿಯಡ್.

ಈ ಹಂತದಲ್ಲಿ ನನಗೆ ಗೊತ್ತಿರಬೇಕಿದ್ದ ಎರಡು ಸಂಗತಿಗಳಿದ್ದವು. ಭಾರತದಿಂದ ಹೊರದೇಶಕ್ಕೆ ಕೆಲಸಕ್ಕೆ ಜನ ಕಳಿಸುವ ಏಜೆಂಟರು 1983ರ ವಲಸೆ ಕಾಯಿದೆಯ ಪ್ರಕಾರ ನೋಂದಣಿ ಮಾಡಿಸಿರಬೇಕು, ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ಮೂವತ್ತು ಸಾವಿರ ರೂಪಾಯಿಯ ಮಿತಿ ಇದೆ, ಮೇಲೆ ಜಿ.ಎಸ್.ಟಿ. ಏಜೆಂಟರ ನೋಂದಣಿಯನ್ನು ಕೇಂದ್ರ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನಾನು ನೋಡಲಿಲ್ಲ. ಎರಡನೆಯದು, ಹತ್ತನೇ ತರಗತಿಯೂ ಪಾಸಾಗದವರು ಗಲ್ಫಿಗೆ ಕೆಲಸಕ್ಕೆ ಹೋಗುವಾಗ ವಲಸೆ ಅಧಿಕಾರಿಯ ಒಪ್ಪಿಗೆ ಬೇಕು, ಅವರ ಕರಾರನ್ನು ಒಬ್ಬರಾದರೂ ನೋಡುತ್ತಾರೆ. ಪದವೀಧರರಿಗೆ ಆ ಒಪ್ಪಿಗೆ ಬೇಡ. ನಾವು ಓದಿದವರು, ಓದಿ ಸಹಿ ಹಾಕುತ್ತೇವೆ ಎಂದು ಸರಕಾರದ ನಂಬಿಕೆ ಇರಬೇಕು. ನಾನು ಆರು ಪುಟದ ಕರಾರಿಗೆ ನಿಂತಲ್ಲೇ ಸಹಿ ಹಾಕಿದೆ.

ಹಾಗಾದರೆ ಓಡಿ ಬಂದದ್ದು ಸಂಬಳ ಕಡಿಮೆ ಎಂದೇ? ಎಷ್ಟೋ ದಿನ ನಾನೂ ಹಾಗೇ ಹೇಳಿಕೊಳ್ಳುತ್ತಿದ್ದೆ. ಬೇಸಿಗೆ ರಜೆಯ ಎರಡು ತಿಂಗಳ ಸಂಬಳವನ್ನು ಶಾಲೆ ಸೆಪ್ಟೆಂಬರ್ ಕೊನೆಗೆ ಕೊಡುತ್ತೇವೆ ಎಂದು ತಡೆಹಿಡಿದಿತ್ತು. ರಜೆಗೆ ಹೋದವರು ಬರುವುದೇ ಇಲ್ಲ ಎಂಬ ಭಯ ಅವರಿಗೆ. ಅದೂ ಒಂದು ಕಾರಣ. ಆದರೆ ಸತ್ಯ ಹೇಳಬೇಕೆಂದರೆ ನನ್ನನ್ನು ಓಡಿಸಿದ್ದು ಅವಮಾನ. ವಿಭಾಗದ ಕೋಆರ್ಡಿನೇಟರ್ ಒಬ್ಬರು ತರಗತಿಯ ಹಿಂದೆ ಕುಳಿತು ನನ್ನ ಇಂಗ್ಲಿಷ್ ಉಚ್ಚಾರವನ್ನು ಮಕ್ಕಳ ಮುಂದೆಯೇ ತಿದ್ದುತ್ತಿದ್ದರು. ‘ಪ್ರೆಶರ್’ ಎಂಬ ಒಂದೇ ಶಬ್ದವನ್ನು ಮೂರು ಸಲ ಹೇಳಿಸಿದ ದಿನ, ಮುಂದಿನ ಬೆಂಚಿನ ಹುಡುಗಿ ನಗಲಿಲ್ಲ, ತಲೆ ತಗ್ಗಿಸಿದಳು. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ.

ಅಲ್ಲಿ ಓಡುವುದು ಎಷ್ಟು ಸುಲಭ ಎಂದರೆ, ಅದು ಸುಲಭ ಎಂಬುದೇ ತಪ್ಪು ಮಾಡಿಸುತ್ತದೆ. ಅಲ್ಲಿಂದ ಹೊರಡಲು ಉದ್ಯೋಗದಾತನ ಅನುಮತಿ ಚೀಟಿ ಬೇಡ. ನಿವಾಸದ ವೀಸಾ ಜೀವಂತವಾಗಿದ್ದು, ಮೇಲೆ ಕೇಸು ಇಲ್ಲದಿದ್ದರೆ, ಪಾಸ್‌ಪೋರ್ಟ್ ಕೈಯಲ್ಲಿದ್ದವನು ಟಿಕೆಟ್ ಕೊಂಡು ಹೋಗಬಹುದು. ನನ್ನ ಪಾಸ್‌ಪೋರ್ಟ್ ಏಪ್ರಿಲಿನಿಂದ ಶಾಲೆಯ ಕಚೇರಿಯಲ್ಲಿ ‘ಭದ್ರವಾಗಿ’ ಇತ್ತು. ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಕೊಟ್ಟರು. ವಾಪಸು ಬಂದ ಮೇಲೆ ಕೇಳಿದಾಗ ‘ರೂಮಿನಲ್ಲುಂಟು, ನಾಳೆ ತರ್ತೇನೆ’ ಎಂದು ಎರಡು ವಾರ ತಳ್ಳಿದೆ. ಇನ್ನೊಂದು ಅನುಕೂಲ, 2022ರ ಜನವರಿಯಿಂದ ಶಾರ್ಜಾದಲ್ಲಿ ವಾರದ ರಜೆ ಮೂರು ದಿನ, ಶುಕ್ರವಾರ, ಶನಿವಾರ, ಭಾನುವಾರ. ಗುರುವಾರ ರಾತ್ರಿ ಹೊರಟವನು ಇಲ್ಲ ಎಂದು ಗೊತ್ತಾಗುವುದು ಸೋಮವಾರ ಬೆಳಿಗ್ಗೆ. ಅಷ್ಟು ಹೊತ್ತಿಗೆ ನಾನು ಮನೆಯಲ್ಲಿ ಕುಚ್ಚಲಕ್ಕಿ ಗಂಜಿ ಊಟ ಮಾಡಿ ಮೂರು ದಿನ ಆಗಿತ್ತು.

ದುಬೈ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಹಿಡಿಯುವ ಮೊದಲು ಮೊಬೈಲಿನ ಸಿಮ್ ತೆಗೆದೆ. ರೂಮಿನ ಜೊತೆಗಾರನಿಗೆ ಸಂಬಂಧಿಕರ ಮನೆಗೆ ಹೋಗುತ್ತೇನೆ ಎಂದಿದ್ದೆ. ಪಾಸ್‌ಪೋರ್ಟ್ ನೋಡುವ ಕೌಂಟರಿನಲ್ಲಿ ಎದೆ ಹೊಡೆದುಕೊಂಡದ್ದು ಈಗಲೂ ನೆನಪಿದೆ, ಅಲ್ಲಿದ್ದವರು ನನ್ನ ಮುಖವನ್ನೂ ಸರಿಯಾಗಿ ನೋಡದೆ ಮುದ್ರೆ ಒತ್ತಿದರು. ಮಂಗಳೂರಿಗೆ ಮೂರೂವರೆ ಗಂಟೆ.

ಈಗ ಕಾನೂನು. ಊರಿಗೆ ಬಂದು ಆರು ತಿಂಗಳಾದ ಮೇಲೆ ನಾನು ಅದನ್ನು ಓದಿದ್ದು, ಓದಬಾರದಿತ್ತು ಅನ್ನಿಸುವಷ್ಟು ಹೊಟ್ಟೆ ಉರಿಯಿತು. ಅಲ್ಲಿನ ಖಾಸಗಿ ವಲಯದ ನೌಕರರಿಗೆ, ಖಾಸಗಿ ಶಾಲೆಯ ಶಿಕ್ಷಕರಿಗೂ ಸೇರಿ, ಅನ್ವಯಿಸುವುದು 2021ರ 33ನೇ ಸಂಖ್ಯೆಯ ಫೆಡರಲ್ ಕಾನೂನು. 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಅದರ 9ನೇ ವಿಧಿ ಪ್ರೊಬೇಷನ್ ಕುರಿತದ್ದು. ಪ್ರೊಬೇಷನ್ ಆರು ತಿಂಗಳು ಮೀರಬಾರದು. ಆ ಅವಧಿಯಲ್ಲಿ ಮಾಲೀಕ ನೌಕರನನ್ನು ತೆಗೆಯಬೇಕಿದ್ದರೆ 14 ದಿನ ಮೊದಲು ಬರೆದು ತಿಳಿಸಬೇಕು. ನೌಕರ ಅದೇ ದೇಶದಲ್ಲಿ ಬೇರೆ ಕಡೆ ಸೇರುವುದಾದರೆ ಒಂದು ತಿಂಗಳ ನೋಟಿಸ್. ದೇಶವನ್ನೇ ಬಿಟ್ಟು ಹೋಗುವುದಾದರೆ 14 ದಿನ.

ಹದಿನಾಲ್ಕು ದಿನ. ಅವಮಾನ, ಸಂಬಳ, ಊರಿನ ನೆನಪು ಎಲ್ಲ ಸೇರಿಸಿ ನಾನು ತಡೆಯಲಾರೆ ಎಂದುಕೊಂಡದ್ದು ಎರಡು ವಾರವನ್ನು. ಪಾಸ್‌ಪೋರ್ಟ್ ಕೊಡುವುದನ್ನು ‘ನಾಳೆ, ನಾಳೆ’ ಎಂದು ತಳ್ಳಿದ್ದೂ ಸರಿಯಾಗಿ ಎರಡು ವಾರ. ಆ ಎರಡು ವಾರದ ಮೊದಲ ದಿನ ಒಂದು ಕಾಗದ ಬರೆದು ಕೊಟ್ಟಿದ್ದರೆ, ನಾನು ಅದೇ ಗುರುವಾರ ಹಗಲಿನಲ್ಲಿ ಎಲ್ಲರಿಗೂ ಹೇಳಿ ಹೊರಡಬಹುದಿತ್ತು.

ನನ್ನಲ್ಲಿ ಇದ್ದ ತಪ್ಪು ತಿಳಿವಳಿಕೆ ಏನೆಂದರೆ, ಎರಡು ವರ್ಷದ ಕರಾರಿಗೆ ಸಹಿ ಹಾಕಿದ ಮೇಲೆ ಎರಡು ವರ್ಷ ಕಟ್ಟಿಹಾಕಿದ ಹಾಗೆ, ಬಿಡುತ್ತೇನೆ ಎಂದರೆ ಜೈಲು ಎಂದು. ಶಿಕ್ಷಕರ ಕೋಣೆಯಲ್ಲಿ ಎಲ್ಲರೂ ಹಾಗೆಯೇ ಮಾತಾಡುತ್ತಿದ್ದರು, ಕಾನೂನು ಓದಿದವರು ಒಬ್ಬರೂ ಇರಲಿಲ್ಲ. ಪ್ರೊಬೇಷನ್ ಮುಗಿದ ಮೇಲೂ 43ನೇ ವಿಧಿಯ ಪ್ರಕಾರ ನೋಟಿಸ್ ಅವಧಿ 30 ದಿನಕ್ಕೆ ಕಡಿಮೆ ಇಲ್ಲದಂತೆ, 90 ದಿನ ಮೀರದಂತೆ ಕರಾರಿನಲ್ಲಿ ಬರೆದಷ್ಟು. ಆ ಅವಧಿಯಲ್ಲಿ ಸಂಬಳ ಕೊಡಬೇಕು. ನೋಟಿಸ್ ಕೊಡದ ಪಕ್ಷ, ಅದು ಯಾರೇ ಆಗಿರಲಿ, ಅಷ್ಟು ದಿನದ ಸಂಬಳವನ್ನು ಇನ್ನೊಂದು ಪಕ್ಷಕ್ಕೆ ಪರಿಹಾರವಾಗಿ ಕೊಡಬೇಕು. ಅಂದರೆ ನೋಟಿಸ್ ಎಂಬುದು ಮಾಲೀಕನಿಗೆ ಮಾತ್ರ ಸಿಗುವ ಸವಲತ್ತಲ್ಲ, ಎರಡೂ ಕಡೆಗೆ ಸಮ. ನನಗೂ ಯಾರಾದರೂ ಒಂದು ಗುರುವಾರ ‘ಸೋಮವಾರದಿಂದ ಬರಬೇಡ’ ಎಂದು ಹೇಳುವ ಹಾಗಿರಲಿಲ್ಲ.

ಹೇಳದೆ ಹೋದರೆ ಏನಾಗುತ್ತದೆ? ಏಳು ದಿನಕ್ಕಿಂತ ಹೆಚ್ಚು ಸತತವಾಗಿ ಕಾಣೆಯಾದ ನೌಕರನ ಮೇಲೆ ಶಾಲೆ ಕಾರ್ಮಿಕ ಸಚಿವಾಲಯಕ್ಕೆ ‘ಕೆಲಸ ಬಿಟ್ಟು ಹೋಗಿದ್ದಾನೆ’ ಎಂಬ ವರದಿ ಹಾಕಬಹುದು. ಜನ ಅದನ್ನು ‘ಅಬ್‌ಸ್ಕಾಂಡಿಂಗ್’ ಎಂದೇ ಕರೆಯುತ್ತಾರೆ. ಹಾಗೆ ಹೋದವನಿಗೆ ಒಂದು ವರ್ಷ ಆ ದೇಶದಲ್ಲಿ ಹೊಸ ಕೆಲಸದ ಪರವಾನಗಿ ಸಿಗುವುದಿಲ್ಲ. ಕೆಲಸ ಬಿಟ್ಟವರಿಗೆ ಕೇಳಿದರೆ ಅನುಭವದ ಪ್ರಮಾಣಪತ್ರವನ್ನು ಶುಲ್ಕವಿಲ್ಲದೆ ಕೊಡಬೇಕೆಂದು ಕಾನೂನು ಹೇಳುತ್ತದೆ, ಆದರೆ ಓಡಿ ಬಂದವನು ಯಾವ ಮುಖ ಹೊತ್ತು ಕೇಳುವುದು? ನನ್ನ ಎರಡು ತಿಂಗಳ ರಜೆ ಸಂಬಳವೂ ಹೋಯಿತು. ಅದನ್ನು ಕೇಳುವ ದಾರಿಯೂ ಇತ್ತು. ಅಲ್ಲಿ ಸಂಬಳವನ್ನು ಬ್ಯಾಂಕಿನ ಮೂಲಕವೇ ಹಾಕಬೇಕೆಂಬ ವ್ಯವಸ್ಥೆ ಇದೆ, ತಡವಾದರೆ ಸಚಿವಾಲಯಕ್ಕೆ ದೂರು ಕೊಡಬಹುದು. ಒಂದು ಲಕ್ಷ ದಿರ್ಹಮ್ ಒಳಗಿನ ಸಂಬಳದ ತಕರಾರಿಗೆ ನ್ಯಾಯಾಲಯದ ಶುಲ್ಕವೂ ಇಲ್ಲ. ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಮತ್ತು ನೇಮಕಾತಿಯ ಖರ್ಚನ್ನು ನೌಕರನಿಂದ ವಸೂಲು ಮಾಡುವುದು ಎರಡೂ ಅದೇ ಕಾನೂನಿನಲ್ಲಿ ನಿಷಿದ್ಧ. ತಪ್ಪು ಶಾಲೆಯದ್ದೂ ಇತ್ತು. ಓಡಿದ್ದರಿಂದ ಅವರ ತಪ್ಪು ಮರೆಯಾಗಿ ನನ್ನದು ಮಾತ್ರ ಕಡತದಲ್ಲಿ ಉಳಿಯಿತು.

ಸಾಲದ ವಿಷಯ ಬೇರೆ, ಇದು ಇನ್ನೂ ಗಂಭೀರ. ಸಂಬಳ ಬರಲು ಶುರುವಾದ ಕೂಡಲೇ ಅಲ್ಲಿನ ಬ್ಯಾಂಕುಗಳಿಂದ ಕ್ರೆಡಿಟ್ ಕಾರ್ಡ್ ಕೊಡುತ್ತೇವೆ ಎಂದು ಫೋನ್ ಬರುತ್ತದೆ. ಸಾಲ ಇಟ್ಟು ಊರಿಗೆ ಬಂದರೆ ಅದು ಅಲ್ಲಿಯೇ ಉಳಿಯುತ್ತದೆ ಎಂದು ಹಿಂದಿನವರು ನಂಬಿದ್ದರು. 2020ರ ಜನವರಿ 17ರಂದು ಭಾರತ ಸರಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಸಂಯುಕ್ತ ಅರಬ್ ಸಂಸ್ಥಾನವನ್ನು ಸೇರಿಸಿ ಅಧಿಸೂಚನೆ ಹೊರಡಿಸಿದೆ. ಅಲ್ಲಿನ ಸಿವಿಲ್ ನ್ಯಾಯಾಲಯದ ತೀರ್ಪನ್ನು ಈಗ ನಮ್ಮ ಜಿಲ್ಲಾ ನ್ಯಾಯಾಲಯದಲ್ಲಿ ಜಾರಿ ಮಾಡಿಸಬಹುದು. ನನಗೆ ಸಾಲ ಇರಲಿಲ್ಲ. ಕಾರ್ಡ್ ಕೊಡಲು ನನ್ನ ಸಂಬಳ ಸಾಲದು ಎಂದು ಬ್ಯಾಂಕಿನವರೇ ಹೇಳಿದ್ದರು, ಅದೊಂದು ಪುಣ್ಯ.

ಎಲ್ಲ ದೇಶದ ಕಾನೂನೂ ಹೀಗೇ ಇಲ್ಲ. ಸೌದಿ ಅರೇಬಿಯಾದಿಂದ ಹೊರಡಲು ನಿರ್ಗಮನ ವೀಸಾ ಬೇಕು. 2021ರ ಮಾರ್ಚಿನಿಂದ ಅದಕ್ಕೆ ನೌಕರನೇ ಅರ್ಜಿ ಹಾಕಬಹುದಾದ ವ್ಯವಸ್ಥೆ ಬಂದಿದೆ, ಆದರೂ ವೀಸಾ ಇಲ್ಲದೆ ಗುರುವಾರ ರಾತ್ರಿ ಟ್ಯಾಕ್ಸಿ ಹಿಡಿದು ಹೋಗಲು ಆಗುವುದಿಲ್ಲ. ದಕ್ಷಿಣ ಕೊರಿಯಾದ ಹಾಗ್ವೊನ್ ಎಂಬ ಖಾಸಗಿ ಟ್ಯೂಷನ್ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ಹೋಗುವ ಅಮೆರಿಕ, ಕೆನಡಾ, ಬ್ರಿಟನ್ನಿನ ಯುವಕರು ಹೀಗೆ ಓಡಿಹೋಗುವುದಕ್ಕೆ ‘ಮಿಡ್‌ನೈಟ್ ರನ್’ ಎಂದೇ ಹೆಸರಿಟ್ಟಿದ್ದಾರೆ. ಅಲ್ಲಿ ಅವರ ವೀಸಾ ಒಂದೇ ಶಾಲೆಗೆ ಕಟ್ಟಿದ್ದು, ಬೇರೆ ಕಡೆ ಸೇರಲು ಹಳೆಯ ಶಾಲೆಯ ಬಿಡುಗಡೆ ಪತ್ರ ಬೇಕು, ಅದು ಸಿಗದವರು ಸಂಬಳದ ದಿನ ಕಾದು ರಾತ್ರಿ ಹೊರಡುತ್ತಾರೆ. ಓದಿದಾಗ ನನಗೆ ಒಂದು ಬಗೆಯ ಸಮಾಧಾನವಾದದ್ದು ಸುಳ್ಳಲ್ಲ, ನಾನೊಬ್ಬನೇ ಅಲ್ಲ ಎಂದು. ಅವರು ಸಂಬಳ ತೆಗೆದುಕೊಂಡಾದರೂ ಓಡುತ್ತಾರೆ.

ಒಂದು ಮಾತು ಸ್ಪಷ್ಟಪಡಿಸಬೇಕು. ಏನೇ ಆದರೂ ಕೆಲಸ ಬಿಡಬೇಡಿ ಎಂದು ನಾನು ಹೇಳುತ್ತಿಲ್ಲ. ಹೊಡೆತ, ಕಿರುಕುಳ, ಜೀವಕ್ಕೆ ಅಪಾಯ ಇರುವಲ್ಲಿ ನೋಟಿಸ್ ಲೆಕ್ಕ ಹಾಕುತ್ತಾ ಕೂರುವುದು ಮೂರ್ಖತನ. ಅದೇ ಕಾನೂನಿನ 45ನೇ ವಿಧಿ ನೋಟಿಸ್ ಇಲ್ಲದೆ ಬಿಡಬಹುದಾದ ಸಂದರ್ಭಗಳನ್ನು ಹೇಳುತ್ತದೆ: ಮಾಲೀಕ ಹಲ್ಲೆ ಅಥವಾ ಕಿರುಕುಳ ಮಾಡಿದರೆ, ಕೆಲಸದ ಜಾಗದಲ್ಲಿ ದೊಡ್ಡ ಅಪಾಯ ಇದ್ದರೆ, ಒಪ್ಪಿಗೆ ಇಲ್ಲದೆ ಕರಾರಿಗಿಂತ ಪೂರ್ತಿ ಬೇರೆ ಕೆಲಸ ಮಾಡಿಸಿದರೆ, ಕರಾರಿನ ಹೊಣೆಗಳನ್ನು ಮುರಿದರೆ. ಕೊನೆಯದಕ್ಕೆ ಸಚಿವಾಲಯಕ್ಕೆ 14 ಕೆಲಸದ ದಿನ ಮೊದಲೇ ತಿಳಿಸಿರಬೇಕು, ಕಿರುಕುಳದ ದೂರನ್ನು ಐದು ಕೆಲಸದ ದಿನದೊಳಗೆ ಕೊಡಬೇಕು. ದುಬೈಯಲ್ಲಿ ನಮ್ಮ ಸರಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವೂ ಇದೆ. ಪಾಸ್‌ಪೋರ್ಟ್, ಸಂಬಳ, ಏಜೆಂಟರ ಹಣ ಇವನ್ನೆಲ್ಲ ಹೇಳಿಕೊಳ್ಳಲು ನನಗೆ ಜಾಗಗಳಿದ್ದವು. ಉಚ್ಚಾರ ತಿದ್ದಿದ್ದನ್ನು ಎಲ್ಲಿ ಹೇಳಿಕೊಳ್ಳುವುದು ಎಂದು ಗೊತ್ತಾಗಲಿಲ್ಲ, ಅದಕ್ಕೇ ಬೇರೆ ಯಾವುದನ್ನೂ ಹೇಳಲಿಲ್ಲ.

ಇಷ್ಟು ಕಾನೂನಿನ ಮಾತು. ಇದರಲ್ಲಿ ಎಲ್ಲಿಯೂ ಮಕ್ಕಳ ಹೆಸರಿಲ್ಲ ಎಂಬುದನ್ನು ಗಮನಿಸಿ. ಕರಾರು ಇರುವುದು ಶಾಲೆಗೂ ನನಗೂ ನಡುವೆ.

ಶಾರ್ಜಾದಲ್ಲಿ ನನ್ನ ಬಿ.ಎಸ್ಸಿ. ಮೂಲ ಅಂಕಪಟ್ಟಿ ಕಚೇರಿಯ ಕಡತದಲ್ಲಿಯೇ ಉಳಿದಿತ್ತು. ಬಿ.ಎಡ್. ಪ್ರವೇಶಕ್ಕೆ ಅದು ಬೇಕು. ಕೇಳಲು ಯಾರೂ ಇಲ್ಲ ಎಂದುಕೊಂಡಾಗ ನೆನಪಾದವರು ಅಲ್ಲಿನ ಹಿರಿಯ ವಿಜ್ಞಾನ ಶಿಕ್ಷಕಿ. ಮಂಜೇಶ್ವರದವರು, ಆ ಶಾಲೆಯಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದ ಒಬ್ಬರೇ. ಹತ್ತು ತಿಂಗಳ ಮೇಲೆ ಹೆದರುತ್ತಾ ಮೆಸೇಜ್ ಹಾಕಿದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ, “ರಜೆಯಲ್ಲಿ ಊರಿಗೆ ಬರ್ತೇನೆ, ಮನೆಗೆ ಬಾ” ಎಂದು ಬರೆದರು.

2024ರ ಜುಲೈ, ಜೋರು ಮಳೆ. ಮಂಜೇಶ್ವರದ ಅವರ ಮನೆಯ ಚಾವಡಿಯಲ್ಲಿ ಕುಳಿತವನಿಗೆ ತಲೆ ಎತ್ತಲು ಆಗಲಿಲ್ಲ. ಟೀಚರ್ ಚಹಾ ಇಟ್ಟು, “ಬಯ್ಲಿಕ್ಕೆ ಕರೆದದ್ದಲ್ಲ ಮಾರಾಯ, ಮಾರ್ಕ್ಸ್ ಕಾರ್ಡ್ ಕೊಡ್ಲಿಕ್ಕೆ ಕರೆದದ್ದು” ಎಂದರು. ಪ್ಲಾಸ್ಟಿಕ್ ಲಕೋಟೆಯಲ್ಲಿ ಅಂಕಪಟ್ಟಿ ಇತ್ತು. ನಾನು ಓಡಿದ ಸೋಮವಾರ ಏನಾಯಿತು ಎಂದು ಕೇಳಬೇಕೋ ಬೇಡವೋ ಎಂದು ನಾನು ಯೋಚಿಸುತ್ತಿದ್ದಾಗ ಅವರೇ ಹೇಳಿದರು.

ಆಗ ಎಂಟನೇ ತರಗತಿಗೆ ‘ಬಲ ಮತ್ತು ಒತ್ತಡ’ ಪಾಠ ನಡೆಯುತ್ತಿತ್ತು. ದ್ರವ ಪಾತ್ರೆಯ ಗೋಡೆಯ ಮೇಲೂ ಒತ್ತಡ ಹಾಕುತ್ತದೆ ಎಂದು ತೋರಿಸುವ ಚಟುವಟಿಕೆ: ಪ್ಲಾಸ್ಟಿಕ್ ಬಾಟಲಿಯ ತಳದ ಹತ್ತಿರ ಸುತ್ತಲೂ ಒಂದೇ ಎತ್ತರದಲ್ಲಿ ನಾಲ್ಕು ತೂತು ಮಾಡಿ ನೀರು ತುಂಬಿದರೆ ನಾಲ್ಕು ಧಾರೆಯೂ ಒಂದೇ ದೂರಕ್ಕೆ ಬೀಳುತ್ತದೆ. ಗುರುವಾರ ಕೊನೆಯ ಪೀರಿಯಡ್‌ನಲ್ಲಿ ನಾನು ಹೇಳಿದ್ದೆ, ಸೋಮವಾರ ಎಲ್ಲರೂ ಒಂದೊಂದು ಖಾಲಿ ಬಾಟಲಿ ತನ್ನಿ ಎಂದು. ರಾತ್ರಿಯ ಟಿಕೆಟ್ ಆಗ ನನ್ನ ಜೇಬಿನ ಮೊಬೈಲಿನಲ್ಲಿತ್ತು. ಯಾಕೆ ಹೇಳಿದೆ ಎಂದರೆ ಉತ್ತರವಿಲ್ಲ. ಪಾಠ ಅಲ್ಲಿಗೆ ಬಂದಿತ್ತು, ಬಾಯಿಗೆ ಬಂತು, ಹೇಳಿದೆ.

“ಇಪ್ಪತ್ತೊಂಬತ್ತು ಬಾಟಲಿ. ಕಿಟಕಿಯ ಹತ್ತಿರ ಸಾಲಾಗಿ ಇಟ್ಟಿದ್ರು. ನಿನ್ನ ಕ್ಲಾಸು ನನಗೆ ಕೊಟ್ರು. ಎಂಥಕ್ಕೆ ಬಾಟಲಿ ಅಂತ ನನಗೆ ಗೊತ್ತಿಲ್ಲ, ಕಸ ಅಂತ ತೆಗೆಸಿಬಿಟ್ಟೆ” ಎಂದರು ಟೀಚರ್.

ಅದಕ್ಕಿಂತ ಕಷ್ಟದ್ದು ಇನ್ನೊಂದು. ಆ ತರಗತಿಯಲ್ಲಿ ಒಬ್ಬ ಹುಡುಗನಿಗೆ ಮಾತು ತೊದಲುತ್ತಿತ್ತು. ಏಪ್ರಿಲಿನಲ್ಲಿಯೇ ಅವನೂ ನಾನೂ ಒಂದು ಒಪ್ಪಂದ ಮಾಡಿಕೊಂಡಿದ್ದೆವು: ನಾನು ಅವನನ್ನು ಎದ್ದು ಓದಲು ಹೇಳುವುದಿಲ್ಲ, ಅವನು ಉತ್ತರ ಬರೆದು ಮೇಜಿನ ಮೇಲೆ ಇಡುತ್ತಾನೆ. ಇದು ಯಾವ ದಾಖಲೆಯಲ್ಲಿಯೂ ಇರಲಿಲ್ಲ. ಟೀಚರಿಗೆ ಗೊತ್ತಿಲ್ಲದೆ ಮೊದಲ ದಿನವೇ ಅವನನ್ನು ಎಬ್ಬಿಸಿ ಓದಿಸಿದರು. ಅವನು ನಿಂತೇ ಇದ್ದ. ಓದುವುದಿಲ್ಲ ಎಂಬ ಹಟ ಎಂದುಕೊಂಡು ಅವರು ಎರಡು ಸಲ ಗದರಿದರಂತೆ. “ನೀನು ಹೋದದ್ದಕ್ಕೆ ನನಗೆ ಬೇಜಾರಿಲ್ಲ. ನಾನೂ ಎಷ್ಟೋ ಸಲ ಹೋಗ್ಬೇಕು ಅಂತ ಅಂದುಕೊಂಡಿದ್ದೇನೆ. ಆ ಹುಡುಗನ ವಿಷಯ ಒಂದು ಚೀಟಿಯಲ್ಲಿ ಬರೆದಿಟ್ಟು ಹೋಗ್ಬಹುದಿತ್ತು” ಎಂದರು.

ಮಕ್ಕಳ ನೋಟ್‌ಬುಕ್ ಅಂಕಗಳನ್ನು ನಾನು ನನ್ನ ಸ್ವಂತ ಡೈರಿಯಲ್ಲಿ ಬರೆಯುತ್ತಿದ್ದೆ, ತಿಂಗಳ ಕೊನೆಗೆ ಒಟ್ಟಿಗೆ ಕಂಪ್ಯೂಟರಿಗೆ ಹಾಕುವ ಅಭ್ಯಾಸ. ಆ ಡೈರಿ ನನ್ನ ಚೀಲದಲ್ಲಿ ಮಂಗಳೂರಿಗೆ ಬಂದಿತ್ತು. ಟೀಚರ್ ಇಪ್ಪತ್ತೊಂಬತ್ತು ಮಕ್ಕಳ ನೋಟ್‌ಬುಕ್ ಮೊದಲಿನಿಂದ ತಿದ್ದಿದರು. ಡೈರಿ ಈಗಲೂ ನನ್ನಲ್ಲಿದೆ, ಬಿಸಾಡಲು ಕೈ ಬರುವುದಿಲ್ಲ.

ಕಳೆದ ಆಗಸ್ಟಿನಲ್ಲಿ ಇಂಟರ್ನ್‌ಶಿಪ್ಪಿಗೆ ನನ್ನನ್ನು ಬಂಟ್ವಾಳ ತಾಲೂಕಿನ ಒಂದು ಸರಕಾರಿ ಪ್ರೌಢಶಾಲೆಗೆ ಹಾಕಿದರು. ವಿಜ್ಞಾನಕ್ಕೆ ಇದ್ದ ಅತಿಥಿ ಶಿಕ್ಷಕರು ಬೇರೆ ಕೆಲಸ ಸಿಕ್ಕಿ ಜುಲೈಯಲ್ಲಿ ಬಿಟ್ಟಿದ್ದರು. ಗಣಿತದ ಮೇಡಂ ಒಬ್ಬರು ವಿಜ್ಞಾನವನ್ನೂ ನೋಡಿಕೊಂಡು ನನಗೆ ಮಾರ್ಗದರ್ಶಕರಾಗಿದ್ದರು. ಎಂಟನೇ ತರಗತಿಗೆ ಮೊದಲ ದಿನ ಹೋದಾಗ ಪಾಠ ಯೋಜನೆಯಲ್ಲಿ ‘ಪೀಠಿಕಾ ಪ್ರಶ್ನೆ’ ಎಂದು ಮೂರು ಬರೆದುಕೊಂಡಿದ್ದೆ. ಅದನ್ನು ಕೇಳುವ ಮೊದಲೇ ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು: “ಸರ್, ನೀವು ಎಷ್ಟು ದಿನ ಇರ್ತೀರಿ?”

ನಮ್ಮಲ್ಲಿ ಬಹಳ ಜನ ಇಂತಹ ಪ್ರಶ್ನೆಗೆ ‘ಯಾವಾಗಲೂ ಇರ್ತೇನೆ’ ಎಂದು ನಗುತ್ತಾರೆ, ಅಥವಾ ‘ಮೊದಲು ಪಾಠ ನೋಡುವ’ ಎನ್ನುತ್ತಾರೆ. ನಾನು ಇಂಟರ್ನ್‌ಶಿಪ್ ಮುಗಿಯುವ ತಾರೀಕನ್ನು ಕಪ್ಪುಹಲಗೆಯ ಬಲಮೂಲೆಯಲ್ಲಿ ಬರೆದು ಸುತ್ತ ಒಂದು ಚೌಕ ಹಾಕಿದೆ. ದಿನವೂ ಹಲಗೆ ಒರೆಸುವ ಹುಡುಗರು ಅದನ್ನು ಮಾತ್ರ ಬಿಟ್ಟು ಒರೆಸುತ್ತಿದ್ದರು. ಪಾಠ ವೀಕ್ಷಣೆಗೆ ಬಂದ ನಮ್ಮ ಉಪನ್ಯಾಸಕರು ‘ಹಲಗೆಯಲ್ಲಿ ಸಂಬಂಧವಿಲ್ಲದ ಬರಹ’ ಎಂದು ಒಂದು ಅಂಕ ಕಳೆದರು. ಅವರದ್ದೂ ತಪ್ಪಲ್ಲ.

ಅಕ್ಟೋಬರಿನಲ್ಲಿ ‘ಬಲ ಮತ್ತು ಒತ್ತಡ’ ಬಂತು. ನಮ್ಮ ರಾಜ್ಯದ ಎಂಟನೆಯ ತರಗತಿಯ ವಿಜ್ಞಾನದಲ್ಲೂ ಅದೇ ಪಾಠ, ಅದೇ ಚಟುವಟಿಕೆ. ಬಾಟಲಿ ತರಲು ಹೇಳುವಾಗ ಗಂಟಲು ಒಣಗಿತು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶಾಲೆಗೆ ಹೋಗಿ ಕುಳಿತಿದ್ದೆ. ಸೂಜಿ ಕಾಯಿಸಿ ತೂತು ಮಾಡಿ, ಅಂಗಳದಲ್ಲಿ ಬಾಟಲಿಗಳನ್ನು ಇಟ್ಟಿಗೆಯ ಮೇಲೆ ಇಟ್ಟು ನೀರು ತುಂಬಿದೆವು. ಒಂದು ಬಾಟಲಿಯಲ್ಲಿ ತೂತುಗಳು ಏರುಪೇರಾಗಿ, ಒಂದು ಧಾರೆ ದೂರ, ಒಂದು ಹತ್ತಿರ ಬಿತ್ತು. “ಇದು ತಪ್ಪಾಯ್ತು ಸರ್” ಎಂದ ಹುಡುಗ. ತಪ್ಪಾದ ಆ ಬಾಟಲಿಯಿಂದಲೇ ಆಳ ಹೆಚ್ಚಾದಂತೆ ಒತ್ತಡ ಹೆಚ್ಚು ಎಂಬುದನ್ನು ಅವರೇ ಹೇಳಿದರು. ಪಾಠ ಯೋಜನೆಯಲ್ಲಿ ನಾನು ಅದಕ್ಕೆ ಬೇರೆ ದಿನ ಇಟ್ಟಿದ್ದೆ.

ಇಂಟರ್ನ್‌ಶಿಪ್ಪಿನ ಕಡತದಲ್ಲಿ ನಾವು ಏನೆಲ್ಲ ಬರೆಯುತ್ತೇವೆ! ಪಾಠ ಯೋಜನೆ, ಘಟಕ ಪರೀಕ್ಷೆ, ನೀಲನಕ್ಷೆ, ಕ್ರಿಯಾ ಸಂಶೋಧನೆ, ಶಾಲಾ ದಾಖಲೆಗಳ ಪರಿಚಯ. ನಮ್ಮ ನಂತರ ಆ ತರಗತಿಗೆ ಬರುವವರಿಗೆ ಕೊಡಬೇಕಾದ ಒಂದು ಹಾಳೆ ಅದರಲ್ಲಿ ಎಲ್ಲಿಯೂ ಇಲ್ಲ. ಅದನ್ನು ಸೇರಿಸಬೇಕೆಂದು ನನ್ನ ಸಲಹೆ. ಘಟಕ ಎಷ್ಟು ಮುಗಿಯಿತು ಎಂಬುದು ಕಾರ್ಯದಿನಚರಿಯಲ್ಲಿ ಇರುತ್ತದೆ, ಆದರೆ ದಿನಚರಿ ಸ್ವಲ್ಪ ಮುಂದೆಯೇ ಓಡಿರುತ್ತದೆ ಎಂಬುದು ನಮಗೆಲ್ಲ ಗೊತ್ತು. ನಿಜವಾಗಿ ಎಲ್ಲಿ ನಿಂತಿದೆ, ಯಾರಿಗೆ ಏನು ಮಾತು ಕೊಟ್ಟಿದ್ದೇವೆ, ಯಾರ ಹತ್ತಿರ ಹೇಗೆ ಮಾತಾಡಬೇಕು ಎಂಬುದು ಶಿಕ್ಷಕನ ತಲೆಯಲ್ಲಿ ಮಾತ್ರ ಇರುತ್ತದೆ. ಅವನು ಹೋದರೆ ಅದೂ ಹೋಗುತ್ತದೆ. ನೋಟಿಸ್ ಅವಧಿಯ 14 ದಿನಗಳಲ್ಲಿ ಶಾಲೆಗೆ ಹೊಸ ಶಿಕ್ಷಕರು ಸಿಗುತ್ತಾರೋ ಇಲ್ಲವೋ, ಅಷ್ಟನ್ನು ತಲೆಯಿಂದ ಹಾಳೆಗೆ ಇಳಿಸಲು ಒಂದು ಸಂಜೆ ಸಾಕು.

ಕೊನೆಯ ವಾರ ನಾನು ಅಂತಹ ಹಾಳೆಯೊಂದನ್ನು ಬರೆದು ಮಾರ್ಗದರ್ಶಕ ಮೇಡಂ ಕೈಗೆ ಕೊಟ್ಟೆ. ಇಲ್ಲಿ ಮಾದರಿಗಾಗಿ ಅದರ ಕೆಲವು ಸಾಲು, ಮಕ್ಕಳ ಹೆಸರು ತೆಗೆದು:

‘ಬಲ ಮತ್ತು ಒತ್ತಡ ಮುಗಿದಿದೆ, ವಾಯುಮಂಡಲದ ಒತ್ತಡ ಮಾತ್ರ ಅವಸರದಲ್ಲಿ ಆಯಿತು, ಇನ್ನೊಮ್ಮೆ ಮಾಡಿದರೆ ಒಳ್ಳೆಯದು. ಘರ್ಷಣೆಯಲ್ಲಿ ಎರಡು ಪೀರಿಯಡ್ ಆಗಿದೆ. ಎರಡನೇ ಸಾಲಿನ ಕಿಟಕಿ ಬದಿಯ ಹುಡುಗನಿಗೆ ಹಲಗೆ ಕಾಣುವುದಿಲ್ಲ, ಹೇಳಿಕೊಳ್ಳುವುದಿಲ್ಲ, ಕನ್ನಡಕದ ವಿಷಯ ಮನೆಯವರಿಗೆ ಒಮ್ಮೆ ಹೇಳಿ ಆಗಿದೆ, ಮತ್ತೆ ಕೇಳಬೇಕು. ಹಿಂದಿನ ಬೆಂಚಿನ ಮೂವರಿಗೆ ಹಗಲು ಹೊತ್ತಿನಲ್ಲಿ ಚಂದ್ರ ಯಾಕೆ ಕಾಣುತ್ತದೆ ಎಂದು ಹೇಳುತ್ತೇನೆ ಎಂದಿದ್ದೆ, ಹೇಳಲು ಆಗಲಿಲ್ಲ. ಘಟಕ ಪರೀಕ್ಷೆಯ ಅಂಕಗಳನ್ನು ರಿಜಿಸ್ಟರಿಗೆ ಏರಿಸಿದೆ. ತೂತು ಮಾಡಿದ ಬಾಟಲಿಗಳು ಪ್ರಯೋಗಾಲಯದ ಕಪಾಟಿನ ಕೆಳಗಿನ ತಟ್ಟಿನಲ್ಲಿವೆ, ಕಸ ಅಲ್ಲ. ಸೂಜಿ ಮೇಜಿನ ಎಡಗಡೆಯ ಡ್ರಾಯರಿನಲ್ಲಿದೆ.’